ವಾಸನೆ ಹೋಗುವ ತನಕ

ರಾಗಿ ಕೋಣೆಯ ಬಾಗಿಲ ಸಂದಿಗೆ ಮೂಗಿಟ್ಟು ಅಶ್ವತ್ಥಮ್ಮ ಒಂದು ಸಲ ಉಸಿರೆಳೆದುಕೊಂಡಳು. ಏನೂ ಇಲ್ಲ. ಇನ್ನೂ ಕೆಳಗೆ ಬಗ್ಗಿ, ಹೊಸಿಲ ಹತ್ತಿರ ಒದ್ದೆ ಗೋಣಿಚೀಲ ತುರುಕಿದ್ದ ಕಡೆ ಮತ್ತೊಂದು ಸಲ ಎಳೆದುಕೊಂಡಳು. ಗೋಣಿಯ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ಒಳಗೆ ಅಳಿಯ ಬೀರೇಶ ಮೊಮ್ಮಗಳ ತೊಟ್ಟಿಲಿಗೆ ಪಾಲಿಷ್ ಬಳಿಯುತ್ತಿದ್ದ. ಬ್ರಷ್ಷು ಡಬ್ಬಿಯ ಅಂಚಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಹೇಳಿದ ಹಾಗೇ ಮಾಡಿದಾರೆ, ಪರವಾಗಿಲ್ಲ ಎಂದುಕೊಂಡು ಸೊಂಟ ಹಿಡಿದು ಮೇಲೆದ್ದಳು.

ಆ ಮನೆಯಲ್ಲಿ ಅಶ್ವತ್ಥಮ್ಮನ ಮೂಗು ದಾಟಿ ಯಾವುದೂ ಒಳಗೆ ಬರುವ ಹಾಗಿರಲಿಲ್ಲ. ಹಜಾರದ ಆ ತುದಿಗೇ ಹುಳುಮನೆ. ರೇಷ್ಮೆ ಹುಳು ಸಾಕುವವರಿಗೆ ಕಣ್ಣಿಗಿಂತ ಮೂಗು ಮುಖ್ಯ ಎಂಬುದು ಅವಳ ಸಿದ್ಧಾಂತ. ಗಂಡ ಪಿಳ್ಳಪ್ಪ ಶಿಡ್ಲಘಟ್ಟದ ಸಂತೆಗೆ ಹೋಗಿ ಬಂದರೆ ಅಂಗಿ ಬಿಚ್ಚಿ ಜಗಲಿಯ ಮೇಲೆ ಹಾಕಿಯೇ ಒಳಗೆ ಬರಬೇಕು. ಪಕ್ಕದ ಮನೆಯ ಆವುಲಪ್ಪ ಬೀಡಿ ಸೇದಿದ ದಿನ ಅಂಗಳದಲ್ಲೇ ನಿಂತು ಮಾತಾಡಿಸಬೇಕು. ಮಗಳು ಜ್ಯೋತಿಲಕ್ಷ್ಮಿ ಕಾಲೇಜಿಗೆ ಹೋಗುತ್ತಿದ್ದಾಗ ಮುಖಕ್ಕೆ ಪೌಡರ್ ಹಾಕಿಕೊಳ್ಳಲೂ ಬೀದಿಗೆ ಇಳಿಯಬೇಕಿತ್ತು. ದೇವರಿಗೂ ರಿಯಾಯಿತಿ ಇರಲಿಲ್ಲ. ಹುಳು ಗೂಡು ಕಟ್ಟುವವರೆಗೆ ಊದುಬತ್ತಿ ಇಲ್ಲ, ಬರೀ ಹೂವು. "ದೇವ್ರಾದ್ರೆ ಕ್ಷಮಿಸ್ತಾನೆ, ಹುಳ ಕ್ಷಮಿಸಲ್ಲ" ಎನ್ನುವಳು.

ಇದು ಸುಮ್ಮನೆ ಬಂದ ಮಡಿಯಲ್ಲ. ಒಂದು ಸಲ ಪಕ್ಕದ ತೋಟದವರು ಟೊಮೇಟೊಗೆ ಔಷಧಿ ಹೊಡೆದಾಗ ಗಾಳಿ ಈ ಕಡೆ ತಿರುಗಿತ್ತು. ಬೆಳಗಾಗುವುದರೊಳಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ, ಹಸಿರು ನೀರು ಕಕ್ಕುತ್ತ, ಸೊಪ್ಪಿನ ಮೇಲೇ ಮುದುರಿಕೊಂಡಿದ್ದವು. ಬುಟ್ಟಿಗಟ್ಟಲೆ ಹುಳುವನ್ನು ಗುಂಡಿಗೆ ಸುರಿದು ಮಣ್ಣು ಎಳೆದ ದಿನ ಅಶ್ವತ್ಥಮ್ಮ ಊಟ ಮಾಡಿರಲಿಲ್ಲ. ಈಗ ಒಳಗಿರುವ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಈ ಕಡೆಯವರು ಅದನ್ನು ನಾಲ್ಕನೇ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟ ಹುಳುವಿನ ಹಸಿವು ಭೂತದ ಹಸಿವು. ಇನ್ನು ಐದಾರು ದಿನ ಸೊಪ್ಪು ತಿಂದರೆ ಹಣ್ಣಾಗಿ ಗೂಡು ಕಟ್ಟಲು ಏರುತ್ತವೆ. ಇಂಥ ಹೊತ್ತಿಗೇ ಅಳಿಯಂದಿರಿಗೆ ಪಾಲಿಷ್ ಯೋಗ ಬಂದಿತ್ತು.

ಬೀರೇಶನ ತಪ್ಪೂ ಇರಲಿಲ್ಲ. ಮುಂದಿನ ವಾರ ಮಗುವಿಗೆ ತೊಟ್ಟಿಲು ಶಾಸ್ತ್ರ. ಅಟ್ಟದ ಮೇಲಿದ್ದ ಹಲಸಿನ ಮರದ ತೊಟ್ಟಿಲು ಜ್ಯೋತಿಲಕ್ಷ್ಮಿ ಮಲಗಿದ್ದ ತೊಟ್ಟಿಲೇ. ಹಸಿರು ಪೇಂಟು ಚಕ್ಕೆಯೆದ್ದು ವಿಕಾರವಾಗಿತ್ತು. ಬೀರೇಶ ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು, ಬ್ರಷ್ಷು ಹಿಡಿದ ಕೈ. ನನ್ನ ಮಗಳ ತೊಟ್ಟಿಲಿಗೆ ನಾನೇ ಪಾಲಿಷ್ ಹಾಕುತ್ತೇನೆಂದು ರಜೆ ಹಾಕಿ ಬಂದಿದ್ದ. ಬರುವಾಗ ಉಜ್ಜುಕಾಗದ, ಥಿನ್ನರ್, ಪಾಲಿಷ್ ಡಬ್ಬಿ ಎಲ್ಲ ಹೊತ್ತು ತಂದಿದ್ದ.

ಅವನೊಂದಿಗೆ ಅಶ್ವತ್ಥಮ್ಮ ಇದುವರೆಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಕೋಪವೇನಲ್ಲ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡಬಾರದು ಎಂದು ಅವಳ ತವರಿನ ಪದ್ಧತಿ. ಅವಳ ತಾಯಿ ಪಿಳ್ಳಪ್ಪನೊಂದಿಗೆ ಸಾಯುವ ತನಕ ಬಾಗಿಲ ಹಿಂದಿನಿಂದಲೇ ಮಾತಾಡಿದ್ದಳು. ಊರಲ್ಲಿ ಈಗ ಯಾರೂ ಅದನ್ನು ಪಾಲಿಸುತ್ತಿರಲಿಲ್ಲ, ಅಶ್ವತ್ಥಮ್ಮ ಮಾತ್ರ ಬಿಟ್ಟಿರಲಿಲ್ಲ. ಹೇಳುವುದೇನಿದ್ದರೂ ಮಗಳ ಮುಖಾಂತರ ಹೇಳುವಳು. ಅಳಿಯ ಮಾರುದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡರೂ ಮಗಳು ಒಂದು ಸಲ ಅವನತ್ತ ತಿರುಗಲೇಬೇಕು.

ಹಿಂದಿನ ಸಂಜೆ ನಡೆದದ್ದೂ ಹಾಗೇ.

"ತೊಟ್ಲು ಎಲ್ಲಿ ಇಟ್ಕೊಂಡು ಬಳೀತಾರಂತೆ, ಕೇಳಮ್ಮ" ಎಂದು ಅಶ್ವತ್ಥಮ್ಮ ಮಗಳನ್ನು ಕೇಳಿದಳು.

"ಹೊಂಗೆ ಮರದ ಕೆಳಗೆ. ಗಾಳಿ ಚೆನ್ನಾಗಿರುತ್ತೆ" ಎಂದ ಬೀರೇಶ, ಹೆಂಡತಿಗೆ.

"ಆ ಗಾಳಿ ಹುಳುಮನೆ ಕಡೀಗೇ ಬೀಸ್ತೈತೆ ಅಂತ ಹೇಳು. ಅಲ್ದೆ ಖಾಲಿ ತೊಟ್ಲು ಬೀದಿಗೆ ಕಾಣೋ ಹಂಗೆ ಇಡಬಾರ್ದು, ಯಾರ ಕಣ್ಣು ಹೆಂಗಿರ್ತದೋ. ರಾಗಿ ಕೋಣೇಲಿ ಇಟ್ಕೊಳ್ಲಿ. ಕಿಟಕಿ ಬಾಗ್ಲು ಎಲ್ಲಾ ಭದ್ರ ಮಾಡ್ಕೊಂಡು ಬಳೀಲಿ. ಒಂದು ಚೂರು ವಾಸ್ನೆ ಆಚೆ ಬರಬಾರ್ದು."

ಬೀರೇಶ ಏನೋ ಹೇಳಲು ಬಾಯಿ ತೆರೆದ. ಜ್ಯೋತಿಲಕ್ಷ್ಮಿ ಮಗುವನ್ನು ಹೆಗಲು ಬದಲಿಸಿ, "ಕೇಳಿಸ್ತಲ್ರೀ?" ಎಂದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. "ಕೇಳಿಸ್ತು" ಎಂದ.

ಪಾಲಿಷ್ ವಾಸನೆ ಎಳೆಮಗುವಿಗೂ ಬಾಣಂತಿಗೂ ಆಗದೆಂದು ಬೆಳಿಗ್ಗೆ ಎದ್ದವಳೇ ಅವರಿಬ್ಬರನ್ನು ಆಟೋ ಹತ್ತಿಸಿ ಕೈವಾರದಲ್ಲಿದ್ದ ತನ್ನ ಅಕ್ಕ ವೆಂಕಟರತ್ನಮ್ಮನ ಮನೆಗೆ ಕಳಿಸಿದಳು. ಜೊತೆಗೆ ಪಿಳ್ಳಪ್ಪನೂ ಹೋದ. ಹೀಗೆ ಹುಳುವಿಗೊಂದು ವ್ಯವಸ್ಥೆ, ಮಗುವಿಗೊಂದು ವ್ಯವಸ್ಥೆ ಮಾಡಿ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಹಾಗೆ ಎಲ್ಲ ಅಚ್ಚುಕಟ್ಟು ಮಾಡಿದ್ದೇನೆಂದು ಅವಳಿಗೆ ಸಮಾಧಾನವಾಗಿತ್ತು. ಅಳಿಯ ಮತ್ತು ತಾನು ಇಬ್ಬರೇ ಮನೆಯಲ್ಲಿ ಉಳಿದಾಗ ನಡುವೆ ಮಾತು ಸಾಗಿಸುವವರು ಯಾರೂ ಇಲ್ಲ ಎಂಬುದು ಆಟೋ ಮರೆಯಾದ ಮೇಲೆ ಹೊಳೆಯಿತು.

ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದಳು. ಹಜಾರದ ಕಂಬಕ್ಕೆ ಹೇಳುವುದು. ಇಡ್ಲಿ ಆದಾಗ "ಇಡ್ಲಿ ಆರಿಹೋಗ್ತೈತಪ್ಪ" ಎಂದು ಕಂಬಕ್ಕೆ ಹೇಳಿದ್ದಳು. ಬೀರೇಶ ಕೋಣೆಯಿಂದ ಹೊರಬಂದು ತಿಂದು, ತಟ್ಟೆ ತೊಳೆದಿಟ್ಟು, ಮತ್ತೆ ಬಾಗಿಲು ಹಾಕಿಕೊಂಡಿದ್ದ. ಗಾಳಿಗೆ ಬಾಗಿಲು ತೆರೆದುಕೊಳ್ಳದಿರಲೆಂದು ಒಳಗಿನಿಂದ ರಾಗಿ ಮೂಟೆಯೊಂದನ್ನು ಅಡ್ಡ ಎಳೆದುಕೊಂಡ ಸದ್ದೂ ಕೇಳಿತ್ತು. ಎಂಥ ವಿಧೇಯ ಮನುಷ್ಯ ಎಂದು ಅವಳಿಗೆ ಮೆಚ್ಚುಗೆಯಾಗಿತ್ತು.

ಈಗ ಹುಳುಮನೆಗೆ ಹೋಗಿ ಮಧ್ಯಾಹ್ನದ ಸೊಪ್ಪಿಗೆ ಜಾಗ ಮಾಡಿ, ಒಣಗಿದ ಕಡ್ಡಿಗಳನ್ನೆಲ್ಲ ಎತ್ತಿ ಹಾಕಿ ಬಂದಳು. ಕಾಫಿ ಕಾಯಿಸಿ ಒಲೆ ಆರಿಸಿದಳು. ಲೋಟವನ್ನು ರಾಗಿ ಕೋಣೆಯ ಹೊಸಿಲ ಹತ್ತಿರ ಇಟ್ಟು, "ಕಾಫಿ ಇಟ್ಟೈತಪ್ಪ" ಎಂದು ಕಂಬಕ್ಕೆ ಹೇಳಿದಳು.

ಒಳಗಿನಿಂದ "ಹೂಂ" ಬರಲಿಲ್ಲ.

ಕೆಲಸದಲ್ಲಿ ಮುಳುಗಿದ್ದಾರೆ ಎಂದುಕೊಂಡಳು. ಹಿತ್ತಲಿಗೆ ಹೋಗಿ ಸೊಪ್ಪಿನ ಹೊರೆಗೆ ನೀರು ಚಿಮುಕಿಸಿ ಬಂದಳು. ಲೋಟ ಅಲ್ಲೇ ಇತ್ತು, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಜೋರಾಗಿ ಕೆಮ್ಮಿದಳು. ಪಾತ್ರೆಯೊಂದನ್ನು ಬೇಕಂತಲೇ ನೆಲಕ್ಕೆ ಕುಕ್ಕಿದಳು. ಇಲ್ಲದ ಬೆಕ್ಕನ್ನು "ಛೀ, ಹೋಗು ಆಚೆ" ಎಂದು ಗದರಿದಳು. ಬ್ರಷ್ಷಿನ ಸದ್ದೂ ಇಲ್ಲ. ಮಲಗಿರಬಹುದೇ? ಅಳಿಯ ಮಲಗಿರುವ ಕೋಣೆಗೆ ಅತ್ತೆ ನುಗ್ಗುವುದುಂಟೇ? ಕೂಗೋಣವೆಂದರೆ ಏನೆಂದು ಕೂಗುವುದು? ಆ ಹೆಸರನ್ನು ಅವಳ ನಾಲಿಗೆ ಒಂದು ಸಲವೂ ಹೊರಳಿಸಿರಲಿಲ್ಲ. ಮತ್ತೆ ಬಾಗಿಲ ಸಂದಿಗೆ ಮೂಗಿಟ್ಟಳು. ಏನೂ ವಾಸನೆ ಇಲ್ಲ. ಬೆಳಿಗ್ಗೆಯಿಂದ ಸಮಾಧಾನ ಕೊಟ್ಟಿದ್ದ ಅದೇ ಈಗ ಅವಳನ್ನು ಹೆದರಿಸಿತು. ಹೊರಗೆ ಒಂದು ಚೂರೂ ಬಂದಿಲ್ಲವೆಂದರೆ ಅಷ್ಟೂ ಒಳಗೇ ಇದೆ.

ಅಷ್ಟರಲ್ಲಿ ಒಳಗೆ ಡಬ್ಬಿಯೊಂದು ಉರುಳಿದ ಸದ್ದು ಕೇಳಿತು.

ಸೊಪ್ಪು ಒಯ್ಯಲೆಂದು ತೆರೆದಿಟ್ಟಿದ್ದ ಹುಳುಮನೆಯ ಬಾಗಿಲು ಅವಳ ಬೆನ್ನ ಹಿಂದೆ ಹಾರುಹೊಡೆದಿತ್ತು. ಅದನ್ನು ಮೊದಲು ಹಾಕಬೇಕು ಎಂದು ತಲೆ ಹೇಳಿತು. ಆದರೆ ಭುಜ ಆಗಲೇ ರಾಗಿ ಕೋಣೆಯ ಬಾಗಿಲಿಗೆ ಕೊಟ್ಟಾಗಿತ್ತು. ಮೂಟೆ ಅಡ್ಡ ಇತ್ತು. ಸೊಪ್ಪಿನ ಹೊರೆ ಹೊತ್ತ ಭುಜ ಅದು. ಎರಡನೇ ನೂಕಿಗೆ ಮೂಟೆ ಜರುಗಿತು. ಒಳಗಿನ ಗಾಳಿ ಮುಖಕ್ಕೆ ಬಡಿದಾಗ ಅವಳ ಕಣ್ಣು ಉರಿದು ನೀರು ಬಂತು. ತೊಟ್ಟಿಲು ಎರಡು ಪಕ್ಕ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಅದರ ಪಕ್ಕ, ಗೋಡೆಗೆ ಒರಗಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡ ಬೀರೇಶ ಕಾಲು ಚಾಚಿ ಕೂತಿದ್ದ. ಕತ್ತು ಒಂದು ಕಡೆ ವಾಲಿತ್ತು.

"ಬೀರೇಶಾ" ಎಂದಳು ಅಶ್ವತ್ಥಮ್ಮ.

ಸೆರಗನ್ನು ಮೂಗಿಗೆ ಒತ್ತಿ, ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು. ಕಂಕುಳಿಗೆ ಕೈ ಕೊಟ್ಟು ಎಳೆದಳು. ಮೂಟೆಗೆ ಅವನ ಕಾಲು ಸಿಕ್ಕಿಕೊಂಡಿತು, ಬಿಡಿಸಿ ಎಳೆದಳು. ಹಜಾರ ದಾಟಿ, ಜಗಲಿ ದಾಟಿ, ಅಂಗಳದ ಹೊಂಗೆ ಮರದ ಕೆಳಗೆ ತಂದು ಹಾಕಿದಾಗ ಅವಳಿಗೂ ಏದುಸಿರು. ಕರ್ಚೀಫು ಕಿತ್ತು ಬಿಸಾಕಿ, ಅಂಗಿಯ ಗುಂಡಿ ಬಿಚ್ಚಿ, ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡಳು. ನೋಡಪ್ಪ, ನನ್ನ ನೋಡು ಎನ್ನಲು ತವರಿನ ತೆಲುಗು ತಾನಾಗಿ ಬಾಯಿಗೆ ಬಂತು. "ಚೂಡು ನಾಯನಾ. ನನ್ನು ಚೂಡು."

ಗೋಡೆಯಾಚೆಯಿಂದ ಆವುಲಪ್ಪ ಓಡಿ ಬಂದ. ಬಾಯಲ್ಲಿ ಬೀಡಿ ಹೊಗೆಯಾಡುತ್ತಿತ್ತು.

"ಏನಾಯ್ತಮ್ಮ, ಏನಾಯ್ತು?" ಎನ್ನುತ್ತ ಬಾಗಿಲ ಕಡೆ ನಡೆದ.

"ಬೀಡಿ ಬಿಸಾಕು ಮೊದ್ಲು. ಒಳಗೆಲ್ಲಾ ಥಿನ್ನರು ತುಂಬ್ಕೊಂಡೈತೆ. ಅಲ್ಲೇ ನಿಲ್ಲು" ಎಂದಳು. ಹುಳುವಿನ ಸಲುವಾಗಿ ಇಷ್ಟು ವರ್ಷ ಹೇಳಿದ್ದ ಮಾತು ಅಂದು ಮನೆಯನ್ನೇ ಉಳಿಸಿತು. ಆವುಲಪ್ಪ ಬೀಡಿಯನ್ನು ಬೀದಿಯ ಚರಂಡಿಗೆ ಎಸೆದು, ಫೋನ್ ತೆಗೆದು ಊರಿನ ನರ್ಸಮ್ಮ ತನುಜಳ ನಂಬರು ಒತ್ತಿದ.

ಬೀರೇಶ ಕಣ್ಣು ಬಿಟ್ಟ. ಮೇಲೆ ಹೊಂಗೆ ಎಲೆ, ಕೆಳಗೆ ಅತ್ತೆಯ ಮುಖ. ಒಂದು ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡ. ಅಶ್ವತ್ಥಮ್ಮ ಅವನ ಹಣೆ ಹಿಡಿದುಕೊಂಡಳು. ಹೋದ ಜೀವ ಬಂದ ಹಾಗಾಯಿತು. ಇಬ್ಬರದ್ದೂ.

ತನುಜ ಸ್ಕೂಟರಿನಲ್ಲಿ ಬಂದಳು. ಅವನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿದಳು, ಕಣ್ಣಿಗೆ ಟಾರ್ಚ್ ಬಿಟ್ಟಳು, ಹೆಸರು ಊರು ಕೇಳಿದಳು. ಸರಿಯಾಗಿ ಹೇಳಿದ.

"ಗಾಬರಿ ಬೇಡಮ್ಮ. ಆದ್ರೂ ದೊಡ್ಡಾಸ್ಪತ್ರೇಲಿ ತೋರಿಸ್ಬಿಡಿ, ಸ್ವಲ್ಪ ಹೊತ್ತು ಆಕ್ಸಿಜನ್ ಕೊಡ್ತಾರೆ. ಈ ಕರ್ಚೀಫು ಧೂಳಿಗೆ ಆಗುತ್ತೆ ಸರ್, ಥಿನ್ನರ್ ಗಾಳೀನ ಅದೇನ್ ತಡೆಯುತ್ತೆ? ಬಾಗ್ಲು ಹಾಕ್ಕೊಂಡ್ ಬಳೀರಿ ಅಂತ ಯಾರ್ ಹೇಳಿದ್ದು ನಿಮಗೆ?"

ಅಶ್ವತ್ಥಮ್ಮ ಅಳಿಯನನ್ನೇ ನೋಡುತ್ತಿದ್ದಳು. ಅವನು ನೆಲ ನೋಡುತ್ತ, "ನಾನೇ ಹಾಕ್ಕೊಂಡೆ" ಎಂದ.

ಆಟೋ ಬರುವುದರೊಳಗೆ ಅವಳು ಮತ್ತೊಮ್ಮೆ ಉಸಿರು ಬಿಗಿಹಿಡಿದು ಒಳಗೆ ಹೋದಳು. ಉರುಳಿದ ಡಬ್ಬಿಯನ್ನು ಎತ್ತಿ ಮುಚ್ಚಳ ಒತ್ತಿದಳು. ರಾಗಿ ಕೋಣೆಯ ಕಿಟಕಿ ಹುಳುಮನೆಯ ಗೋಡೆಗೇ ಎದುರು. ಅದಕ್ಕೆ ಹೊಡೆದಿದ್ದ ಪ್ಲಾಸ್ಟಿಕ್ಕನ್ನು ಪರ್ರೆಂದು ಹರಿದು ಕಿಟಕಿಯನ್ನು ಹಾರುಹೊಡೆದಳು. ಆಮೇಲೆ ಹುಳುಮನೆಯ ಬಾಗಿಲು ಹಾಕಿ, ಒಂದು ಗಳಿಗೆ ಅದರ ಮೇಲೆ ಅಂಗೈ ಇಟ್ಟು ನಿಂತಳು. ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಾಗಿತ್ತು. ಹೊರೆ ಹಿತ್ತಲಿನಲ್ಲೇ ಇತ್ತು. "ಸೊಪ್ಪು ನಾನ್ ಹಾಕ್ತೀನಿ, ನೀವ್ ಹೋಗ್ಬನ್ನಿ" ಎಂದ ಆವುಲಪ್ಪ. "ಬೀಡಿ ಸೇದಿದ ಕೈ, ನಾನ್ ಬರೋಗಂಟ ಮುಟ್ಟಬೇಡ" ಎಂದು ಹೇಳಿ ಆಟೋ ಹತ್ತಿದಳು. ಹುಳು ಸಾಕಲು ಶುರುಮಾಡಿದಂದಿನಿಂದ ಅವಳು ಒಂದು ಹೊತ್ತಿನ ಸೊಪ್ಪು ತಪ್ಪಿಸಿದ್ದು ಅದೇ ಮೊದಲು.

ಆಟೋದಲ್ಲಿ ಅಳಿಯನ ಪಕ್ಕದಲ್ಲೇ ಕೂತಳು, ಅವನು ವಾಲದ ಹಾಗೆ ತೋಳು ಹಿಡಿದು. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

"ತಲೆ ನೋವು ಬಂದಾಗ್ಲೇ ಎದ್ದು ಬರೋದಲ್ವಾ?" ಎಂದಳು ಕೊನೆಗೆ. ಆಟೋದಲ್ಲಿ ಕಂಬ ಇರಲಿಲ್ಲ.

"ಇನ್ನೊಂದು ಪಕ್ಕ ಮುಗಿಸಿ ಏಳಣ ಅಂದ್ಕೊಂಡೆ ಅತ್ತೆ. ಮೊದಲು ವಾಸ್ನೆ ಹೊಡೀತಿತ್ತು. ಆಮೇಲೆ ವಾಸ್ನೇನೇ ಗೊತ್ತಾಗ್ಲಿಲ್ಲ. ಸರಿಹೋಯ್ತು ಅಂದ್ಕೊಂಡೆ. ಏಳಕ್ಕೆ ಹೋದ್ರೆ ಕಾಲೇ ಇರ್ಲಿಲ್ಲ." ಬಾಯಿ ಒರೆಸಿಕೊಂಡು ಹೇಳಿದ, "ಡಬ್ಬಿ ಮೇಲೆ ಬರ್ದಿತ್ತು. ಗಾಳಿಯಾಡೋ ಕಡೆ ಬಳೀಬೇಕು ಅಂತ."

"ಓದಿದ್ರಾ?"

"ಓದಿದ್ದೆ."

"ಓದಿದ್ಮೇಲೆ ಯಾಕೆ ಮುಚ್ಕೊಂಡ್ರಿ?"

"ನೀವು ಹೇಳಿದ್ರಲ್ಲ."

"ನಾನ್ ಹೇಳಿದ್ದು ಜ್ಯೋತಿಗೆ."

"ಅದೇ ಅತ್ತೆ. ನನಗೇ ಹೇಳಿದ್ರೆ ಹಂಗೆ ಆಗಲ್ಲ ಅಂತ ನಿಮಗೇ ಹೇಳ್ಬೋದಿತ್ತು. ಅವಳಿಗೆ ಹೇಳಿದ್ದಕ್ಕೆ ನಾನೇನು ಹೇಳ್ಲಿ?"

ಅಶ್ವತ್ಥಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಅತ್ತಳು. ಹುಳುವಿನ ಯೋಚನೆ ಮಾಡಿದೆ, ಮಗುವಿನ ಯೋಚನೆ ಮಾಡಿದೆ, ಆ ಕೋಣೆಯೊಳಗೆ ಕೂರುವವನಿಗೂ ಮೂಗಿದೆ ಎಂದು ನನಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡಳು. ಅದನ್ನು ಹೇಳಲೂ ಹೇಳಿದಳು, ಮುಖ ಹೊರಗೆ ತಿರುಗಿಸಿಕೊಂಡು, ಆದರೆ ಅವನಿಗೇ. ಬೀರೇಶ, "ಬಿಡಿ ಅತ್ತೆ" ಎಂದ.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟು ಸಂಜೆಯವರೆಗೆ ಮಲಗಿಸಿದರು. ಏನೂ ತೊಂದರೆಯಿಲ್ಲ, ಇನ್ನು ಸ್ವಲ್ಪ ಹೊತ್ತು ಅಲ್ಲೇ ಇದ್ದಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಇನ್ನು ಮೇಲೆ ಬಯಲಲ್ಲೇ ಬಳಿಯಬೇಕು, ಹತ್ತಿರ ಬೆಂಕಿ ಇರಬಾರದು, ತೊಟ್ಟಿಲು ಒಣಗಿದರೂ ವಾಸನೆ ಪೂರ್ತಿ ಹೋಗುವವರೆಗೆ ಮಗುವನ್ನು ಮಲಗಿಸಬಾರದು ಎಂದು ಒತ್ತಿ ಹೇಳಿದರು. ಆವುಲಪ್ಪನ ಫೋನಿಗೆ ಕೈವಾರದಿಂದ ಓಡಿಬಂದ ಪಿಳ್ಳಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಹೆಂಡತಿ ಅಳಿಯನಿಗೆ "ಎದ್ದೇಳ್ಬೇಡಿ, ಎಳನೀರು ಕುಡೀರಿ" ಎನ್ನುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಜಗಲಿಯ ಮೇಲೆ ಕಾಯುತ್ತಿದ್ದ ಆವುಲಪ್ಪ, "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು, ಮೇಷ್ಟ್ರೇ" ಎಂದು ಬೀರೇಶನ ಬೆನ್ನು ತಟ್ಟಿದ. ಅಶ್ವತ್ಥಮ್ಮ ಹಜಾರಕ್ಕೆ ಕಾಲಿಟ್ಟು ಗಾಳಿ ಹೀರಿದಳು. ವಾಸನೆ ಇತ್ತು, ಸಣ್ಣಗೆ. ಕಾಲು ತೊಳೆದು, ಸೀರೆ ಬದಲಿಸಿ, ಹುಳುಮನೆಯ ಬಾಗಿಲು ತೆಗೆದಳು. ಹುಳುಗಳು ತಲೆ ಎತ್ತಿದ್ದವು. ಟೊಮೇಟೊ ಔಷಧಿಯ ಗಾಳಿ ತಾಗಿದ ದಿನವೂ ಹೀಗೇ ಎತ್ತಿದ್ದವು. ಸೊಪ್ಪು ತಂದು ಮೊದಲ ಅಟ್ಟಣೆಯ ಮೇಲೆ ಹರಡಿ ಬಗ್ಗಿ ನೋಡಿದಳು. ಒಂದು ಹುಳು ಎಲೆಯ ಅಂಚು ಹಿಡಿಯಿತು. ಪಕ್ಕದ್ದೂ ಹಿಡಿಯಿತು. ಎತ್ತಿದ ತಲೆಗಳೆಲ್ಲ ಹಸಿವಿನ ತಲೆಗಳು, ಅಷ್ಟೇ. ಸ್ವಲ್ಪ ಹೊತ್ತಿಗೆ ಕೋಣೆ ತುಂಬ ತುಂತುರು ಮಳೆಯ ಹಾಗೆ ಮೇಯುವ ಸದ್ದು ಎದ್ದಿತು. ಅಶ್ವತ್ಥಮ್ಮ ಅಲ್ಲೇ ನೆಲದ ಮೇಲೆ ಕೂತಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಆಗ ನೆನಪಾಯಿತು.

ತೊಟ್ಟಿಲು ಶಾಸ್ತ್ರ ಮುಂದಕ್ಕೆ ಹೋಯಿತು. ಗೂಡು ಬಿಡಿಸಿ ಮಾರಿ, ಹುಳುಮನೆ ಖಾಲಿಯಾದ ಮೇಲೆ, ಭಾನುವಾರ ನೋಡಿ ಬೀರೇಶ ಉಳಿದ ಎರಡು ಪಕ್ಕ ಬಳಿದ. ಹೊಂಗೆ ಮರದ ಕೆಳಗೇ. ಅಶ್ವತ್ಥಮ್ಮ ಒಂದು ಹಿಡಿ ರಾಗಿಹೊಟ್ಟು ತೂರಿ ಗಾಳಿ ಯಾವ ಕಡೆಗಿದೆ ನೋಡಿ, ಅವನನ್ನು ಗಾಳಿಗೆ ಬೆನ್ನು ಕೊಟ್ಟು ಕೂರಿಸಿದಳು. ತಾನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಳು. ಬ್ರಷ್ಷಿನ ಸದ್ದು ನಿಂತಾಗಲೆಲ್ಲ ಕೂಗುವಳು.

"ಬೀರೇಶಪ್ಪ, ಇದೀರಾ?"

"ಇದೀನಿ ಅತ್ತೆ."

ಜ್ಯೋತಿಲಕ್ಷ್ಮಿ ಬಾಗಿಲಲ್ಲಿ ನಿಂತು ನಕ್ಕಳು. "ಇನ್ಮೇಲೆ ನನಗೆ ಕೆಲಸಾನೇ ಇಲ್ಲ" ಎಂದಳು.

ಖಾಲಿ ತೊಟ್ಟಿಲು ಬೀದಿಗೆ ಕಾಣುವ ವಿಷಯಕ್ಕೂ ಅಶ್ವತ್ಥಮ್ಮ ಉಪಾಯ ಮಾಡಿದ್ದಳು. ಪಾಲಿಷ್ ಒಣಗಿದ ಮೇಲೆ, ಶಾಸ್ತ್ರದ ದಿನ ಮಗುವಿಗಿಂತ ಮೊದಲು ಮಲಗಿಸುವ ಗುಂಡುಕಲ್ಲನ್ನು ಈಗಲೇ ಹಳೆ ಪಂಚೆಯಲ್ಲಿ ಸುತ್ತಿ ಅದರೊಳಗೆ ಮಲಗಿಸಿದಳು. ಹಗಲೆಲ್ಲ ಗುಂಡುಕಲ್ಲು ಹೊಂಗೆ ನೆರಳಿನಲ್ಲಿ ಗಾಳಿಗೆ ಮಲಗಿರುವುದು, ಇಳಿಹೊತ್ತಿಗೆ ಜಗಲಿಗೆ ಬರುವುದು. ದಿನವೂ ಅವಳು ತೊಟ್ಟಿಲೊಳಗೆ ಮುಖ ಬಗ್ಗಿಸಿ ಮೂಸಿ ನೋಡಿ, "ಇನ್ನೂ ಐತೆ" ಎನ್ನುವಳು. ಅಕ್ಕ ವೆಂಕಟರತ್ನಮ್ಮ ಫೋನ್ ಮಾಡಿ, ಮುಹೂರ್ತ ಎಷ್ಟು ಸಲ ತಪ್ಪಿಸ್ತೀಯೇ ಎಂದು ಬೈದಳು. "ನನ್ ಮೂಗು ಹೇಳಿದ ದಿನವೇ ಮುಹೂರ್ತ ಕಣಕ್ಕ" ಎಂದಳು ಅಶ್ವತ್ಥಮ್ಮ.

ಮೂಗು ಒಪ್ಪಿಕೊಳ್ಳುವಷ್ಟರಲ್ಲಿ ಮುಂದಿನ ಬೆಳೆಯ ಹುಳು ಎರಡನೇ ಜ್ವರ ಎದ್ದಿದ್ದವು. ಹಜಾರದ ತೊಲೆಗೆ ತೊಟ್ಟಿಲು ಕಟ್ಟಿದರು. ಶಾಸ್ತ್ರ ಮುಗಿಸಿ, ನೆಂಟರು ಊಟ ಮಾಡಿ ಹೊರಟುಹೋದ ಸಂಜೆ, ಜ್ಯೋತಿಲಕ್ಷ್ಮಿ ಒಳಕೋಣೆಯಲ್ಲಿ ನಿದ್ದೆಹೋಗಿದ್ದಳು. ಬೀರೇಶ ಕಂಬಕ್ಕೆ ಒರಗಿ ಕೂತು, ಏನೋ ಗುನುಗುತ್ತ ತೊಟ್ಟಿಲು ತೂಗುತ್ತಿದ್ದ. ಹಗ್ಗ ತೊಲೆಗೆ ಉಜ್ಜಿ ಕಿರ್ ಕಿರ್ ಎನ್ನುತ್ತಿತ್ತು. ಮಗುವಿನ ಕಣ್ಣು ಕೂಡಿತು. ಅವನು ಗುನುಗುವುದನ್ನು ನಿಲ್ಲಿಸಿದ. ಹಗ್ಗದ ಸದ್ದೂ ನಿಂತಿತು.

ಹುಳುಮನೆಯೊಳಗೆ ಸೊಪ್ಪು ಹರಡುತ್ತಿದ್ದ ಕೈ ತಡೆಯಿತು.

"ಬೀರೇಶಪ್ಪ, ಇದೀರಾ?"

"ಇದೀನಿ ಅತ್ತೆ" ಎಂದ ಬೀರೇಶ, ಮಗು ಏಳದ ಹಾಗೆ ಮೆಲ್ಲಗೆ.

ಒಳಗೆ ಸೊಪ್ಪು ಹರಡುವ ಸದ್ದು ಮತ್ತೆ ಶುರುವಾಯಿತು.